ಚೀಟಿಯಿಂದ ಚೀಟಿಗೆ ಕೊಂಡಿ: ಮನೆಯ ಮಾಹಿತಿಯನ್ನು ಗಣಕಯಂತ್ರದ ಸಾದಾ ಕಡತದಲ್ಲಿ ಜೋಡಿಸಿಡುವ ಬಗೆ

ಮಾಹಿತಿ ಇಲ್ಲದಿರುವುದು ಒಂದು ಕಷ್ಟ. ಇದ್ದ ಮಾಹಿತಿ ಬೇಕಾದ ಹೊತ್ತಿಗೆ ಕೈಗೆ ಸಿಗದಿರುವುದು ಅದಕ್ಕಿಂತಲೂ ದೊಡ್ಡ ಕಷ್ಟ. ಇದನ್ನು ನಾವು ಕಲಿತದ್ದು ಒಂದು ಮಳೆಗಾಲದ ರಾತ್ರಿ.

ಅಂದು ಮನೆಯಲ್ಲಿ ಅಮ್ಮನಿಗೆ ಜ್ವರ ಏರಿ, ಉಸಿರಾಟ ಕಷ್ಟವಾಗಿ, ಹನ್ನೊಂದು ಗಂಟೆಯ ಹೊತ್ತಿಗೆ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಇವರಿಗೆ ಯಾವುದಾದರೂ ಔಷಧಿ ಆಗುವುದಿಲ್ಲವೇ?" ಏನೋ ಒಂದು ಆಗುವುದಿಲ್ಲವೆಂದು ನಮಗೆ ಗೊತ್ತಿತ್ತು. ಯಾವುದೆಂದು ಗೊತ್ತಿರಲಿಲ್ಲ. 2011ರಲ್ಲಿ ಒಮ್ಮೆ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ದದ್ದು ಎದ್ದಿತ್ತು. ಅದರ ಹೆಸರನ್ನು ಅಪ್ಪ ಆ ವರ್ಷದ ಡೈರಿಯಲ್ಲಿ ಬರೆದಿಟ್ಟಿದ್ದರು. ಡೈರಿ ಮನೆಯ ಕಪಾಟಿನಲ್ಲಿತ್ತು. ಅಪ್ಪ ತೀರಿಹೋಗಿ ಮೂರು ವರ್ಷವಾಗಿತ್ತು. ಕೊನೆಗೆ ಕುವೈಟಿನಲ್ಲಿರುವ ತಂಗಿ ಫೋನಿನಲ್ಲಿ ನೆನಪು ಮಾಡಿಕೊಂಡು "ಪೆನ್ಸಿಲಿನ್" ಎಂದಳು. ಅಮ್ಮ ಗುಣವಾಗಿ ಮನೆಗೆ ಬಂದರು. ಆದರೆ ಅಂದು ತಂಗಿ ರಾತ್ರಿ ಪಾಳಿಯ ಕೆಲಸದಲ್ಲಿದ್ದು ಫೋನ್ ಎತ್ತದೇ ಹೋಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ.

ಮನೆಗೆ ಬಂದ ಮೇಲೆ ಕುಳಿತು ಲೆಕ್ಕ ಹಾಕಿದೆವು. ನಮಗೆ ಬೇಕಾದ ಮಾಹಿತಿಯೆಲ್ಲ ನಮ್ಮಲ್ಲಿಯೇ ಇತ್ತು. ಔಷಧಿಯ ಹೆಸರು ಡೈರಿಯಲ್ಲಿ, ಈಗಿನ ಮಾತ್ರೆಗಳ ಚೀಟಿ ಫ್ರಿಜ್ಜಿನ ಮೇಲೆ, ವಿಮೆಯ ಸಂಖ್ಯೆ ಮೊಬೈಲಿನ ಒಂದು ಫೋಟೋದಲ್ಲಿ, ಹಳೆಯ ವೈದ್ಯರ ಫೋನ್ ಸಂಖ್ಯೆ ಗೋಡೆಯ ಕ್ಯಾಲೆಂಡರಿನಲ್ಲಿ. ಒಂದು ಚೀಟಿಯಿಂದ ಇನ್ನೊಂದು ಚೀಟಿಗೆ ಹೋಗುವ ದಾರಿ ಮಾತ್ರ ಇರಲಿಲ್ಲ. ಆ ದಾರಿ ಅಪ್ಪನ ತಲೆಯಲ್ಲಿತ್ತು. ಅವರ ಜೊತೆಯಲ್ಲೇ ಹೋಯಿತು.

ಹೀಗೆ ಚದುರಿದ ಮಾಹಿತಿಯನ್ನು ಒಂದಕ್ಕೊಂದು ಜೋಡಿಸಿಡುವ ಸುಲಭವೂ ಖರ್ಚಿಲ್ಲದ್ದೂ ಆದ ಒಂದು ವಿಧಾನವನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ. ಮನೆವಾರ್ತೆ ನೋಡುವವರಿಗೂ, ಸಂಘದ ಕಾರ್ಯದರ್ಶಿಗಳಿಗೂ, ವಾರ್ಡಿನ ಗುರಿಕಾರರಿಗೂ ಇದು ಉಪಯೋಗವಾದೀತೆಂದು ನಮ್ಮ ನಂಬಿಕೆ.

ಟೆಕ್ಸ್ಟ್ ಎಡಿಟರ್ ಎಂದರೇನು?

ಗಣಕಯಂತ್ರದಲ್ಲಿ ಪತ್ರ ಬರೆಯಲು ನಾವು ಸಾಮಾನ್ಯವಾಗಿ ಬಳಸುವುದು ವರ್ಡ್‌ನಂತಹ ತಂತ್ರಾಂಶ. ಅದು ಅಕ್ಷರಗಳ ಜೊತೆಗೆ ಬಣ್ಣ, ಗಾತ್ರ, ಅಂಚು ಮುಂತಾದ ಅಲಂಕಾರವನ್ನೂ ಕಡತದೊಳಗೆ ತುಂಬಿಸುತ್ತದೆ. ಟೆಕ್ಸ್ಟ್ ಎಡಿಟರ್ ಹಾಗಲ್ಲ. ಅದು ಉಳಿಸುವುದು ಅಕ್ಷರಗಳನ್ನು ಮಾತ್ರ. ವಿಂಡೋಸ್‌ನಲ್ಲಿರುವ ನೋಟ್‌ಪ್ಯಾಡ್ ಇದರ ಅತ್ಯಂತ ಸರಳ ಉದಾಹರಣೆ. ಇಂತಹ ಕಡತಕ್ಕೆ ಸಾದಾ ಪಠ್ಯ ಎನ್ನುತ್ತಾರೆ.

ಅಲಂಕಾರವಿಲ್ಲದ್ದರಿಂದ ಏನು ಲಾಭ ಎಂದು ಕೇಳಬಹುದು. ಮೊದಲನೆಯ ಲಾಭ ಆಯುಷ್ಯ. ಸಾದಾ ಪಠ್ಯವನ್ನು ಯಾವ ಗಣಕಯಂತ್ರದಲ್ಲಿಯೂ, ಯಾವ ಮೊಬೈಲಿನಲ್ಲಿಯೂ ತೆರೆಯಬಹುದು. ಒಂದು ಕಂಪೆನಿ ಮುಚ್ಚಿದರೆ ಕಡತ ಸಾಯುವುದಿಲ್ಲ. ಕೆಲಸಗಳ ಪಟ್ಟಿ ಮಾಡಿಡಲು ಬಹಳ ಜನ ಬಳಸುತ್ತಿದ್ದ ವಂಡರ್‌ಲಿಸ್ಟ್ ಎಂಬ ಸೇವೆಯನ್ನು 2015ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡು 2020ರ ಮೇ ತಿಂಗಳಲ್ಲಿ ನಿಲ್ಲಿಸಿತು. ಬಳಸುತ್ತಿದ್ದವರು ತಮ್ಮ ಪಟ್ಟಿಗಳನ್ನು ಬೇರೆ ಕಡೆಗೆ ಸಾಗಿಸಬೇಕಾಯಿತು. ನಮ್ಮದೇ ಯಂತ್ರದಲ್ಲಿರುವ ಸಾದಾ ಕಡತಕ್ಕೆ ಈ ಭಯವಿಲ್ಲ.

ಎರಡನೆಯ ಲಾಭ ಗಾತ್ರ. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಜಾಗ ಬೇಕು. ಒಂದು ಲಕ್ಷ ಸಂಕೇತಗಳನ್ನು ಬರೆದರೂ ಕಡತದ ಗಾತ್ರ ಸುಮಾರು 3 ಲಕ್ಷ ಬೈಟ್ ಮಾತ್ರ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋಕ್ಕಿಂತ ಇದು ಎಷ್ಟೋ ಚಿಕ್ಕದು. ಒಂದು ಮನೆಯ ಇಡೀ ಜೀವಮಾನದ ಟಿಪ್ಪಣಿ ಒಂದು ಪೆನ್‌ಡ್ರೈವಿನ ಮೂಲೆಯಲ್ಲಿ ಕುಳಿತುಕೊಳ್ಳುತ್ತದೆ.

ಕೊಂಡಿಯ ಕಲ್ಪನೆ ಹೊಸತಲ್ಲ

ಒಂದು ಬರಹದಿಂದ ಇನ್ನೊಂದಕ್ಕೆ ಕೊಂಡಿ ಹಾಕುವುದು ಅಂತರ್ಜಾಲ ಬಂದ ಮೇಲೆ ಹುಟ್ಟಿದ ವಿದ್ಯೆ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ನಮ್ಮ ಚರ್ಚಿನ ಕಚೇರಿಯಲ್ಲಿರುವ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನೇ ನೋಡಿ. ಮಗುವಿನ ಹೆಸರು, ತಂದೆತಾಯಿಯ ಹೆಸರು, ದಿನಾಂಕ ಇವುಗಳ ಜೊತೆಗೆ ಪಕ್ಕದಲ್ಲಿ ಟಿಪ್ಪಣಿಗೆ ಸ್ಥಳವಿರುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ನಿಯಮದ ಪ್ರಕಾರ, ಆ ವ್ಯಕ್ತಿಯ ದೃಢೀಕರಣ, ವಿವಾಹ, ಗುರುದೀಕ್ಷೆ ಮುಂತಾದವನ್ನು ಮುಂದೆ ಅದೇ ಪುಸ್ತಕದಲ್ಲಿ ನಮೂದಿಸಬೇಕು. ವಿವಾಹ ಬೇರೆ ಊರಿನಲ್ಲಿ ನಡೆದರೆ, ಅಲ್ಲಿನ ಧರ್ಮಗುರುಗಳು ಜ್ಞಾನಸ್ನಾನ ನಡೆದ ಚರ್ಚಿಗೆ ತಿಳಿಸಬೇಕೆಂದು 1122ನೇ ನಿಯಮ ಹೇಳುತ್ತದೆ. ಬೊಂಬಾಯಿಯಲ್ಲಿ ಮದುವೆಯಾದವನ ವಿಷಯ ಹುಟ್ಟೂರಿನ ಪುಸ್ತಕದ ಅಂಚಿಗೆ ಬಂದು ಸೇರುತ್ತದೆ. ಎರಡು ಊರಿನ ಎರಡು ಪುಸ್ತಕಗಳ ನಡುವೆ ಇರುವ ಕೊಂಡಿ ಇದು. ವಿದ್ಯುತ್ತಿಲ್ಲದೆಯೇ ಕೆಲಸ ಮಾಡುತ್ತದೆ.

ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರದ ಪ್ರಾಧ್ಯಾಪಕ ನಿಕ್ಲಾಸ್ ಲೂಮನ್ (1927–1998) ಇದನ್ನೇ ಕಾಗದದ ಚೀಟಿಗಳಲ್ಲಿ ಮಾಡಿದರು. ಓದಿದ್ದನ್ನು, ಯೋಚಿಸಿದ್ದನ್ನು ಒಂದೊಂದು ಚೀಟಿಯಲ್ಲಿ ಬರೆದು, ಪ್ರತಿ ಚೀಟಿಗೂ ಒಂದು ಸಂಖ್ಯೆ ಕೊಟ್ಟು, ಸಂಬಂಧವಿರುವ ಬೇರೆ ಚೀಟಿಗಳ ಸಂಖ್ಯೆಯನ್ನು ಅದರಲ್ಲೇ ನಮೂದಿಸುತ್ತಿದ್ದರು. ಅವರ ಮರದ ಪೆಟ್ಟಿಗೆಗಳಲ್ಲಿ ಸುಮಾರು 90,000 ಚೀಟಿಗಳು ಸೇರಿದವು. ಅವುಗಳ ಬಲದಿಂದ ಅವರು ಹತ್ತಾರು ಪುಸ್ತಕಗಳನ್ನೂ ನೂರಾರು ಲೇಖನಗಳನ್ನೂ ಬರೆದರು.

ಅಮೆರಿಕದ ಇಂಜಿನಿಯರ್ ವನೆವರ್ ಬುಶ್ 1945ರ ಜುಲೈಯಲ್ಲಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಮನುಷ್ಯನ ಕಾಗದಪತ್ರಗಳನ್ನೆಲ್ಲ ಒಂದು ಮೇಜಿನೊಳಗೆ ಇಟ್ಟು, ಒಂದರಿಂದ ಇನ್ನೊಂದಕ್ಕೆ ದಾರಿ ಹಾಕಿಕೊಳ್ಳುವ ‘ಮೆಮೆಕ್ಸ್’ ಎಂಬ ಯಂತ್ರವನ್ನು ಕಲ್ಪಿಸಿದರು. ಆ ಯಂತ್ರ ತಯಾರಾಗಲಿಲ್ಲ. ಆದರೆ ಆ ಯೋಚನೆ ಉಳಿಯಿತು. 1965ರಲ್ಲಿ ಟೆಡ್ ನೆಲ್ಸನ್ ಎಂಬವರು ಇಂತಹ ಕೊಂಡಿಯುಳ್ಳ ಬರಹಕ್ಕೆ ಹೈಪರ್‌ಟೆಕ್ಸ್ಟ್ ಎಂದು ಹೆಸರಿಟ್ಟರು. ಇಂದು ನಾವು ಜಾಲತಾಣಗಳಲ್ಲಿ ಒತ್ತುವ ಕೊಂಡಿಗಳೆಲ್ಲ ಇದೇ ವಂಶದವು.

ಇಮ್ಯಾಕ್ಸ್ ಮತ್ತು ಆರ್ಗ್ ಮೋಡ್

ಟೆಕ್ಸ್ಟ್ ಎಡಿಟರುಗಳಲ್ಲಿ ಹಳೆಯದೂ ಪ್ರಬಲವೂ ಆದ ಒಂದು ಇಮ್ಯಾಕ್ಸ್. ಇದು 1976ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಹುಟ್ಟಿತು. ಇಂದು ಬಳಕೆಯಲ್ಲಿರುವ ಗ್ನು ಇಮ್ಯಾಕ್ಸ್ ಅನ್ನು ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಹೊರತಂದರು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಉಚಿತವಾಗಿ ಸಿಗುತ್ತದೆ.

ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯದ ಖಗೋಳ ವಿಜ್ಞಾನಿ ಕಾರ್ಸ್ಟೆನ್ ಡೊಮಿನಿಕ್ ತಮ್ಮ ಟಿಪ್ಪಣಿಗಳನ್ನೂ ಮಾಡಬೇಕಾದ ಕೆಲಸಗಳನ್ನೂ ಒಂದೇ ಕಡೆ ಇಟ್ಟುಕೊಳ್ಳಲು 2003ರಲ್ಲಿ ಇಮ್ಯಾಕ್ಸ್‌ಗೆ ಒಂದು ಜೋಡಣೆ ಬರೆದರು. ಅದೇ ಆರ್ಗ್ ಮೋಡ್. 2007ರಲ್ಲಿ ಬಂದ ಇಮ್ಯಾಕ್ಸ್‌ನ 22ನೇ ಆವೃತ್ತಿಯಿಂದ ಅದು ಇಮ್ಯಾಕ್ಸ್‌ನ ಜೊತೆಗೇ ಬರುತ್ತದೆ. ನಕ್ಷತ್ರಗಳನ್ನು ಅಭ್ಯಾಸ ಮಾಡುವವರು ತಮ್ಮ ಸ್ವಂತ ಅಗತ್ಯಕ್ಕಾಗಿ ಮಾಡಿದ ಈ ಸಾಧನವನ್ನು ಈಗ ವಿದ್ಯಾರ್ಥಿಗಳು, ಲೇಖಕರು, ವಕೀಲರು, ಮನೆವಾರ್ತೆಯ ಲೆಕ್ಕ ಇಡುವವರು ಬಳಸುತ್ತಿದ್ದಾರೆ.

ಇದರ ನಿಯಮಗಳು ಕೆಲವೇ. ಸಾಲಿನ ಆರಂಭದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿ, ಒಂದು ಜಾಗ ಬಿಟ್ಟು ಬರೆದರೆ ಅದು ತಲೆಬರಹ. ಎರಡು ನಕ್ಷತ್ರ ಹಾಕಿದರೆ ಉಪತಲೆಬರಹ. ತಲೆಬರಹದ ಮೇಲೆ ನಿಂತು ಟ್ಯಾಬ್ ಕೀಲಿ ಒತ್ತಿದರೆ ಅದರ ಕೆಳಗಿನದ್ದೆಲ್ಲ ಮಡಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ನೂರು ಪುಟದ ಕಡತವೂ ಮಡಚಿದಾಗ ಹತ್ತು ಸಾಲಿನ ಪರಿವಿಡಿಯಂತೆ ಕಾಣುತ್ತದೆ. ಕೊಂಡಿ ಹಾಕಲು ಎರಡೆರಡು ಚೌಕ ಆವರಣಗಳೊಳಗೆ ಬರೆದರಾಯಿತು.

ನಮ್ಮ ಮನೆಯ ಕಡತದ ಒಂದು ಭಾಗ

ಮಾತಿಗಿಂತ ಉದಾಹರಣೆ ಮೇಲು. ಆಸ್ಪತ್ರೆಯ ಆ ರಾತ್ರಿಯ ನಂತರ ನಾವು ಬರೆದ ಕಡತದ ತುಣುಕು ಹೀಗಿದೆ:

* ಅಮ್ಮ
** ಆಗದ ಔಷಧಿ
ಪೆನ್ಸಿಲಿನ್ ಆಗದು. 2011ರಲ್ಲಿ ಮೈಯೆಲ್ಲ ದದ್ದು. ಮೂಲ: ಅಪ್ಪನ ಡೈರಿ.
ಡೈರಿ ಇರುವ ಸ್ಥಳ: [[*ದೊಡ್ಡ ಕಪಾಟು]]
** ಈಗಿನ ಮಾತ್ರೆಗಳು
ಬಿಪಿ ಮಾತ್ರೆ, ಬೆಳಿಗ್ಗೆ ಒಂದು.
ಹೊಸ ಮಾತ್ರೆ ಬರೆಸುವ ಮೊದಲು ನೋಡಿ: [[*ಆಗದ ಔಷಧಿ]]
* ಕಾಗದಪತ್ರ
** ದೊಡ್ಡ ಕಪಾಟು
ಮೇಲಿನ ಅರೆ: ಅಪ್ಪನ ಡೈರಿಗಳು, 1988ರಿಂದ.
ಕೆಳಗಿನ ಅರೆ, ಹಸಿರು ಫೈಲು: ಜಾಗದ ಪತ್ರ, ತೀರ್ವೆ ರಶೀದಿ.

ಇಲ್ಲಿ ‘ಆಗದ ಔಷಧಿ’ ಎಂಬ ಕೊಂಡಿಯ ಮೇಲೆ ನಿಂತು ಕಂಟ್ರೋಲ್-ಸಿ, ಕಂಟ್ರೋಲ್-ಒ ಒತ್ತಿದರೆ, ಅಥವಾ ಮೌಸ್‌ನಿಂದ ಒತ್ತಿದರೆ, ಆ ತಲೆಬರಹಕ್ಕೆ ಹೋಗುತ್ತೇವೆ. ಕಂಟ್ರೋಲ್-ಸಿ ಒತ್ತಿ ನಂತರ & ಚಿಹ್ನೆಯನ್ನು ಒತ್ತಿದರೆ ಹೊರಟ ಜಾಗಕ್ಕೆ ಮರಳುತ್ತೇವೆ. ಹೊಸ ಕೊಂಡಿ ಹಾಕಲು ಕಂಟ್ರೋಲ್-ಸಿ, ಕಂಟ್ರೋಲ್-ಎಲ್. ಸ್ಕ್ಯಾನ್ ಮಾಡಿಟ್ಟ ಆಸ್ಪತ್ರೆಯ ಚೀಟಿ, ಜಾಗದ ಪತ್ರದ ಫೋಟೋ, ಬೇರೆ ಕಡತ, ಜಾಲತಾಣದ ವಿಳಾಸ, ಇವೆಲ್ಲಕ್ಕೂ ಇದೇ ರೀತಿ ಕೊಂಡಿ ಹಾಕಬಹುದು.

ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪೆನ್ಸಿಲಿನ್ ವಿಷಯವನ್ನು ನಾವು ಒಂದೇ ಕಡೆ ಬರೆದಿದ್ದೇವೆ. ಉಳಿದ ಕಡೆಗಳಿಂದ ಅಲ್ಲಿಗೆ ದಾರಿ ಮಾತ್ರ ಇದೆ. ಒಂದೇ ವಿಷಯವನ್ನು ನಾಲ್ಕು ಕಡೆ ನಕಲು ಮಾಡಿದರೆ, ಮುಂದೆ ಬದಲಾವಣೆ ಬಂದಾಗ ಮೂರು ಕಡೆ ತಿದ್ದಿ ಒಂದು ಕಡೆ ಮರೆಯುತ್ತೇವೆ. ಆಮೇಲೆ ಯಾವುದು ಸರಿ ಎಂದು ಯಾರಿಗೂ ತಿಳಿಯದು. ಆದ್ದರಿಂದ ಒಂದು ವಿಷಯಕ್ಕೆ ಒಂದೇ ಮನೆ, ಆ ಮನೆಗೆ ಬೇಕಾದಷ್ಟು ದಾರಿ. ಈ ಲೇಖನದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ ಎಂದರೂ ತಪ್ಪಾಗದು.

ಇನ್ನೊಂದು ಎಚ್ಚರಿಕೆ. ಮೇಲಿನ ಬಗೆಯ ಕೊಂಡಿ ತಲೆಬರಹದ ಅಕ್ಷರಗಳನ್ನೇ ಹುಡುಕಿಕೊಂಡು ಹೋಗುತ್ತದೆ. ‘ದೊಡ್ಡ ಕಪಾಟು’ ಎಂಬುದನ್ನು ನಾಳೆ ‘ಮರದ ಕಪಾಟು’ ಎಂದು ಬದಲಿಸಿದರೆ ಹಳೆಯ ಕೊಂಡಿ ತುಂಡಾಗುತ್ತದೆ. ಇದಕ್ಕೆ ಪರಿಹಾರವಾಗಿ ಆರ್ಗ್ ಮೋಡ್‌ನಲ್ಲಿ ಪ್ರತಿ ತಲೆಬರಹಕ್ಕೂ ಬದಲಾಗದ ಒಂದು ಗುರುತುಸಂಖ್ಯೆ, ಅಂದರೆ ಐಡಿ, ಕೊಡುವ ವ್ಯವಸ್ಥೆ ಇದೆ. ಹೆಸರು ಬದಲಾದರೂ, ಆ ಭಾಗವನ್ನು ಬೇರೆ ಕಡತಕ್ಕೆ ಸಾಗಿಸಿದರೂ, ಗುರುತುಸಂಖ್ಯೆಯ ಕೊಂಡಿ ಅದನ್ನು ಹಿಂಬಾಲಿಸುತ್ತದೆ. ಲೂಮನ್ ಅವರು ತಮ್ಮ ಚೀಟಿಗಳಿಗೆ ಸಂಖ್ಯೆ ಕೊಟ್ಟದ್ದೂ ಇದೇ ಕಾರಣಕ್ಕೆ.

ಒಂದು ತಲೆಬರಹಕ್ಕೆ ಎಲ್ಲೆಲ್ಲಿಂದ ಕೊಂಡಿ ಬಂದಿದೆ ಎಂದು ತಿರುಗಿ ನೋಡುವ ಅನುಕೂಲವೂ ಇದೆ. ಜೆಥ್ರೋ ಕುವಾನ್ ಎಂಬವರು 2020ರಲ್ಲಿ ಹೊರತಂದ ಆರ್ಗ್-ರೋಮ್ ಎಂಬ ಜೋಡಣೆ ಈ ಕೆಲಸ ಮಾಡುತ್ತದೆ. ‘ಹಸಿರು ಫೈಲು’ ಎಂಬಲ್ಲಿ ನಿಂತರೆ, ಅದನ್ನು ಹೆಸರಿಸಿದ ಟಿಪ್ಪಣಿಗಳೆಲ್ಲ ಪಕ್ಕದಲ್ಲಿ ಬರುತ್ತವೆ. ಆದರೆ ಹೊಸಬರಿಗೆ ಇದು ಮೊದಲ ದಿನವೇ ಬೇಡ. ಕಡತ ಬೆಳೆದ ಮೇಲೆ ನೋಡಿಕೊಳ್ಳಬಹುದು.

ದಿನಾಂಕ ಮತ್ತು ಬಾಕಿ ಕೆಲಸ

ವಾಹನದ ವಿಮೆ, ಜಾಗದ ತೀರ್ವೆ, ಪಾಸ್‌ಪೋರ್ಟ್ ನವೀಕರಣ, ಅಮ್ಮನ ರಕ್ತಪರೀಕ್ಷೆ, ಇವೆಲ್ಲ ತಾರೀಕು ನೋಡಿ ಬರುವ ಕೆಲಸಗಳು. ಆರ್ಗ್ ಮೋಡ್‌ನಲ್ಲಿ ಟಿಪ್ಪಣಿಯೊಳಗೇ ಕೋನ ಆವರಣದಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ತಾರೀಕು ಬರೆಯಬಹುದು. ಕಂಟ್ರೋಲ್-ಸಿ ಒತ್ತಿ ಚುಕ್ಕೆ ಒತ್ತಿದರೆ ಕ್ಯಾಲೆಂಡರ್ ಬಂದು ತಾರೀಕನ್ನು ತಾನೇ ತುಂಬಿಸುತ್ತದೆ. ಬಳಿಕ ಅಜೆಂಡಾ ಎಂಬ ನೋಟವನ್ನು ತೆರೆದರೆ, ನಾವು ಪಟ್ಟಿಗೆ ಸೇರಿಸಿದ ಕಡತಗಳಲ್ಲಿ ಚದುರಿರುವ ತಾರೀಕುಗಳೆಲ್ಲ ಒಂದೇ ವಾರದ ಪಟ್ಟಿಯಾಗಿ ಎದುರಿಗೆ ಬರುತ್ತವೆ. ವರ್ಷಕ್ಕೊಮ್ಮೆ ಬರುವ ಕೆಲಸಕ್ಕೆ ಮರುಕಳಿಸುವ ಗುರುತು ಹಾಕಿದರೆ ಮುಂದಿನ ವರ್ಷವೂ ಅದು ತಪ್ಪದೆ ಬರುತ್ತದೆ.

ಚೌಕ ಆವರಣದಲ್ಲಿ ಬರೆದ ತಾರೀಕು ಅಜೆಂಡಾದಲ್ಲಿ ಬರುವುದಿಲ್ಲ. ಅದು ನಡೆದುಹೋದ ಸಂಗತಿಯ ನೆನಪಿಗೆ ಮಾತ್ರ. ಬರಬೇಕಾದ ದಿನಕ್ಕೆ ಕೋನ, ಕಳೆದ ದಿನಕ್ಕೆ ಚೌಕ ಎಂದು ನೆನಪಿಟ್ಟುಕೊಂಡರೆ ಸಾಕು.

ತಲೆಬರಹದ ಆರಂಭದಲ್ಲಿ ಕೆಲಸದ ಸ್ಥಿತಿಯನ್ನೂ ಬರೆಯಬಹುದು. ಕಂಟ್ರೋಲ್-ಸಿ, ಕಂಟ್ರೋಲ್-ಟಿ ಒತ್ತಿದರೆ ಸ್ಥಿತಿ ಬದಲಾಗುತ್ತದೆ. ಸಾಮಾನ್ಯವಾಗಿ ಬರುವ ಇಂಗ್ಲಿಷ್ ಪದಗಳ ಬದಲು ‘ಬಾಕಿ’, ‘ಮುಗಿದಿದೆ’ ಎಂದು ನಮ್ಮ ಪದಗಳನ್ನೇ ಇಟ್ಟುಕೊಳ್ಳಲು ಅವಕಾಶವಿದೆ. ನಾವು ಇವೆರಡರ ನಡುವೆ ‘ಉತ್ತರಕ್ಕೆ ಕಾಯುತ್ತಿದೆ’ ಎಂಬರ್ಥದಲ್ಲಿ ‘ಕಾಯುವುದು’ ಎಂಬ ಮೂರನೆಯದನ್ನೂ ಸೇರಿಸಿಕೊಂಡಿದ್ದೇವೆ. ತಾಲೂಕು ಕಚೇರಿಗೆ ಅರ್ಜಿ ಕೊಟ್ಟ ಕೆಲಸಗಳೆಲ್ಲ ಹೆಚ್ಚಾಗಿ ಇದರಲ್ಲಿಯೇ ಇರುತ್ತವೆ!

ಕನ್ನಡದಲ್ಲಿ ಬರೆಯುವವರಿಗೆ ನಾಲ್ಕು ಮಾತು

ಮೊದಲನೆಯದು ಅಕ್ಷರ ಪದ್ಧತಿ. 1991ರ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಆದರೂ ನಮ್ಮಲ್ಲಿ ಬಹುಕಾಲ ಬರಹ, ನುಡಿ ಮುಂತಾದವುಗಳ ಹಳೆಯ ಫಾಂಟುಗಳಲ್ಲಿಯೇ ಬೆರಳಚ್ಚು ಮಾಡುತ್ತಿದ್ದೆವು. ಆ ಕಡತಗಳಲ್ಲಿ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟು ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ, ಹುಡುಕಾಟವೂ ನಡೆಯುವುದಿಲ್ಲ. ಸಂಘಗಳ ಹಳೆಯ ವರದಿಗಳು ಅನೇಕ ಕಡೆ ಇದೇ ಸ್ಥಿತಿಯಲ್ಲಿವೆ. ಅವನ್ನು ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಸಿಗುತ್ತವೆ. ಹಳೆಯ ಫಾಂಟು ಇನ್ನೂ ಇರುವಾಗಲೇ ಪರಿವರ್ತಿಸಿ, ಒಮ್ಮೆ ಓದಿ ತಿದ್ದಿಟ್ಟುಕೊಳ್ಳುವುದು ಒಳಿತು.

ಎರಡನೆಯದು ಉಳಿಸುವ ರೀತಿ. ಹಳೆಯ ನೋಟ್‌ಪ್ಯಾಡಿನಲ್ಲಿ ಆನ್ಸಿ ಎಂಬ ಆಯ್ಕೆಯಲ್ಲಿ ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತಿದ್ದವು. 2019ರ ವಿಂಡೋಸ್ 10ರ ಆವೃತ್ತಿಯಿಂದ ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8 ಬಳಸುತ್ತದೆ. ಹಳೆಯ ಯಂತ್ರವಿದ್ದವರು ಉಳಿಸುವಾಗ ಇದನ್ನು ಆರಿಸಿಕೊಳ್ಳಬೇಕು.

ಮೂರನೆಯದು ಬೆರಳಚ್ಚು. ಇಮ್ಯಾಕ್ಸ್‌ನಲ್ಲಿ ಕನ್ನಡಕ್ಕಾಗಿ ಐಟ್ರಾನ್ಸ್ ಮತ್ತು ಇನ್‌ಸ್ಕ್ರಿಪ್ಟ್ ಎಂಬ ಎರಡು ಕೀಲಿವಿನ್ಯಾಸಗಳು ಮೊದಲೇ ಇವೆ. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಒತ್ತಿ ಕನ್ನಡ ಪಡೆಯುವವರಿಗೆ ಮೊದಲನೆಯದು ಅನುಕೂಲ. ಗಣಕಯಂತ್ರದಲ್ಲಿ ನೀವು ಈಗಾಗಲೇ ಬಳಸುವ ಕೀಲಿವಿನ್ಯಾಸವೂ ನಡೆಯುತ್ತದೆ.

ನಾಲ್ಕನೆಯದು, ನಮ್ಮ ಭಾಷೆಗೇ ಸೇರಿದ್ದು. ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಸೇರಿದಾಗ ಕೊನೆಯ ಅಕ್ಷರ ಬದಲಾಗುತ್ತದೆ. ‘ಬ್ಯಾಂಕ್’ ಎಂದು ಹುಡುಕಿದರೆ ‘ಬ್ಯಾಂಕಿನ’, ‘ಬ್ಯಾಂಕಿಗೆ’ ಸಿಗುವುದಿಲ್ಲ, ಏಕೆಂದರೆ ಯಂತ್ರದ ಲೆಕ್ಕದಲ್ಲಿ ಅಲ್ಲಿ ಅರ್ಧಾಕ್ಷರದ ಗುರುತಿಲ್ಲ. ‘ಬ್ಯಾಂಕ’ ಎಂದು ಹುಡುಕಿದರೆ ಎಲ್ಲವೂ ಸಿಗುತ್ತವೆ. ಹೆಸರುಗಳ ತೊಂದರೆ ಇನ್ನೂ ದೊಡ್ಡದು. ನಮ್ಮ ಕರಾವಳಿಯಲ್ಲಿ ಒಂದೇ ಮನೆತನದ ಹೆಸರು ಒಂದು ದಾಖಲೆಯಲ್ಲಿ ಡಿಸೋಜ, ಇನ್ನೊಂದರಲ್ಲಿ ಡಿ'ಸೋಜ, ಮತ್ತೊಂದರಲ್ಲಿ ಡಿಸೋಜಾ ಎಂದಿರುತ್ತದೆ. ಜ್ಞಾನಸ್ನಾನದ ಪತ್ರದ ಹೆಸರು ಆಧಾರ್ ಕಾರ್ಡಿನ ಹೆಸರಿಗೆ ಹೊಂದದೆ, ಪಾಸ್‌ಪೋರ್ಟ್ ಮಾಡಿಸುವಾಗ ಅಲೆದಾಡಿದವರು ನಮ್ಮಲ್ಲಿ ಕಡಿಮೆಯಿಲ್ಲ. ಹುಡುಕಾಟವೊಂದನ್ನೇ ನಂಬಿದರೆ ಇಂತಹ ಕಡೆ ಮೋಸಹೋಗುತ್ತೇವೆ. ಒಬ್ಬ ವ್ಯಕ್ತಿಗೆ ಒಂದೇ ತಲೆಬರಹ ಮಾಡಿ, ಯಾವ ದಾಖಲೆಯಲ್ಲಿ ಹೆಸರು ಹೇಗಿದೆ ಎಂಬುದನ್ನು ಅದರ ಕೆಳಗೆ ಬರೆದು, ಉಳಿದ ಕಡೆಗಳಿಂದ ಅಲ್ಲಿಗೇ ಕೊಂಡಿ ಹಾಕಿದರೆ ಕಾಗುಣಿತ ಹೇಗಿದ್ದರೂ ಮನುಷ್ಯ ಸಿಗುತ್ತಾನೆ. ಹುಡುಕಾಟ ಅಕ್ಷರವನ್ನು ನೋಡುತ್ತದೆ. ಕೊಂಡಿಯನ್ನು ನಾವು ಅರ್ಥ ನೋಡಿ ಹಾಕುತ್ತೇವೆ.

ಸಂಘದ ಕಡತ ಮತ್ತು ಹಸ್ತಾಂತರ

ನಮ್ಮ ಸಂಘಸಂಸ್ಥೆಗಳಲ್ಲಿ ಪದಾಧಿಕಾರಿಗಳು ಅವಧಿ ಮುಗಿದಾಗ ಬದಲಾಗುತ್ತಾರೆ. ಹೊಸ ಕಾರ್ಯದರ್ಶಿಗೆ ಸಿಗುವುದು ಒಂದು ನಿರ್ಣಯ ಪುಸ್ತಕ, ಒಂದು ಚೀಲ ಕಾಗದ ಮತ್ತು "ಏನಾದರೂ ಬೇಕಾದರೆ ಫೋನ್ ಮಾಡಿ" ಎಂಬ ಮಾತು. ಹಿಂದಿನ ವರ್ಷ ಶಾಮಿಯಾನಕ್ಕೆ ಯಾರಿಗೆ ಹೇಳಿದ್ದು, ಎಷ್ಟು ಕೊಟ್ಟದ್ದು, ಧ್ವನಿವರ್ಧಕದ ಪರವಾನಗಿಗೆ ಎಷ್ಟು ದಿನ ಮೊದಲು ಅರ್ಜಿ ಹಾಕಬೇಕು, ಇವನ್ನೆಲ್ಲ ಪ್ರತಿ ಸಲವೂ ಹೊಸತಾಗಿ ಕಲಿಯಬೇಕಾಗುತ್ತದೆ.

ಇದಕ್ಕೆ ಮೂರು ತಲೆಬರಹಗಳು ಸಾಕು: ಜನ, ಕಾಗದ, ಕೆಲಸ. ‘ಜನ’ದ ಕೆಳಗೆ ಸಂಪರ್ಕಿಸಬೇಕಾದವರು. ‘ಕಾಗದ’ದ ಕೆಳಗೆ ಯಾವ ದಾಖಲೆ ಎಲ್ಲಿದೆ ಎಂಬುದು. ‘ಕೆಲಸ’ದ ಕೆಳಗೆ ಪ್ರತಿಯೊಂದು ಕಾರ್ಯಕ್ರಮ, ನಿರ್ಣಯ, ಅದರ ಸ್ಥಿತಿ. ‘ಕೆಲಸ’ದಿಂದ ‘ಜನ’ಕ್ಕೂ ‘ಕಾಗದ’ಕ್ಕೂ ಕೊಂಡಿ. ಕೊಂಡಿಯ ಪಕ್ಕದಲ್ಲಿ ಅದು ಏಕೆ ಎಂದು ನಾಲ್ಕು ಪದ ಬರೆಯಲು ಮರೆಯಬೇಡಿ. ‘ನೋಡಿ: ಬಾವಿಯ ಲೆಕ್ಕ’ ಎಂದಷ್ಟೇ ಬರೆದರೆ ಎರಡು ವರ್ಷದ ನಂತರ ನಮಗೇ ಅರ್ಥವಾಗದು. ‘ಪಂಪಿನ ಖರ್ಚು ಇದರಲ್ಲಿ ಸೇರಿಲ್ಲ, ನೋಡಿ: ಬಾವಿಯ ಲೆಕ್ಕ’ ಎಂದು ಬರೆದರೆ ಮುಂದೆ ಬರುವವರಿಗೂ ಅರ್ಥವಾಗುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಸಹಿ ಮಾಡಿದ ನಿರ್ಣಯ ಪುಸ್ತಕ, ರಶೀದಿ ಪುಸ್ತಕ, ಚರ್ಚಿನ ದಾಖಲೆ ಪುಸ್ತಕಗಳ ಸ್ಥಾನವನ್ನು ಈ ಕಡತ ತೆಗೆದುಕೊಳ್ಳುವುದಿಲ್ಲ. ಮೂಲ ದಾಖಲೆ ಮೂಲವೇ. ನಮ್ಮ ಕಡತ ಅದರ ಬಳಿಗೆ ಕೊಂಡೊಯ್ಯುವ ಕೈಮರ ಮಾತ್ರ.

ಏನನ್ನು ಬರೆಯಬಾರದು?

ಸಾದಾ ಪಠ್ಯವನ್ನು ಯಾರೂ ತೆರೆಯಬಹುದು ಎಂಬುದು ಅದರ ಗುಣವೂ ಹೌದು, ದೋಷವೂ ಹೌದು. ಎಟಿಎಂ ಪಿನ್, ಬ್ಯಾಂಕಿನ ಪಾಸ್‌ವರ್ಡ್ ಇವನ್ನು ಇಂತಹ ಕಡತದಲ್ಲಿ ಬರೆಯಲೇಬಾರದು. ಖಾತೆ ಯಾವ ಶಾಖೆಯಲ್ಲಿದೆ, ನಾಮನಿರ್ದೇಶನ ಯಾರ ಹೆಸರಿನಲ್ಲಿದೆ, ಪಾಸ್‌ಬುಕ್ ಎಲ್ಲಿದೆ ಎಂಬುದು ಸಾಕು.

ಖಾಸಗಿಯಾಗಿಯೇ ಇರಬೇಕಾದ ಕಡತವನ್ನು ಗುಪ್ತಲಿಪಿಯಲ್ಲಿ ಉಳಿಸುವ ಅನುಕೂಲ ಇಮ್ಯಾಕ್ಸ್‌ನಲ್ಲಿದೆ. ಕಡತದ ಹೆಸರಿನ ಕೊನೆಗೆ ಜಿಪಿಜಿ ಎಂಬ ವಿಸ್ತರಣೆ ಕೊಟ್ಟರೆ, ಜಿಪಿಜಿ ತಂತ್ರಾಂಶ ಯಂತ್ರದಲ್ಲಿದ್ದಾಗ, ಉಳಿಸುವಾಗ ಬೀಗ ಬೀಳುತ್ತದೆ, ತೆರೆಯುವಾಗ ಗುಪ್ತಪದ ಕೇಳುತ್ತದೆ. ಆದರೆ ಗುಪ್ತಪದ ಮರೆತರೆ ಕಡತ ಹೋದಂತೆಯೇ. ಅದನ್ನು ಲಕೋಟೆಯಲ್ಲಿ ಮುಚ್ಚಿ ಮನೆಯ ನಂಬಿಕೆಯ ಒಬ್ಬರ ಬಳಿ ಇಡುವುದು ಒಳ್ಳೆಯದು.

ಇತರರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ವಾರ್ಡಿನ ಮನೆಗಳಿಗೆ ಭೇಟಿ ಕೊಡುವವರಿಗೆ ಅನೇಕ ಸಂಗತಿಗಳು ತಿಳಿಯುತ್ತವೆ. ಯಾರ ಮನೆಯಲ್ಲಿ ಸಾಲ, ಯಾರಿಗೆ ಯಾವ ಕಾಯಿಲೆ, ಯಾರ ನಡುವೆ ಮಾತಿಲ್ಲ. ಕಾಗದದಲ್ಲಿ ಚದುರಿದ್ದಾಗ ಇವು ಅಷ್ಟಾಗಿ ಹೊರಬೀಳುವುದಿಲ್ಲ. ಕೊಂಡಿ ಹಾಕಿ ಒಂದೇ ಹೆಸರಿನ ಕೆಳಗೆ ತಂದ ಕೂಡಲೇ ಅದೊಂದು ಕುಟುಂಬದ ಗುಟ್ಟಿನ ಪಟ್ಟಿಯಾಗುತ್ತದೆ. ಒಂದು ಪೆನ್‌ಡ್ರೈವ್ ಕಳೆದುಹೋದರೆ ಸಾಕು, ನಂಬಿ ಹೇಳಿಕೊಂಡವರ ಮಾನ ಬೀದಿಗೆ ಬರುತ್ತದೆ. ‘ಭೇಟಿ ಕೊಡಬೇಕು’ ಎಂಬ ತಾರೀಕು ಬರೆದುಕೊಂಡರೆ ಸಾಕು, ಕಾರಣ ನಮ್ಮ ಮನಸ್ಸಿನಲ್ಲಿರಲಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಕೂಡ ಇಲ್ಲಿ ಒಂದು ಗೆರೆ ಎಳೆದಿದೆ. ವ್ಯಕ್ತಿಯೊಬ್ಬನು ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಇಟ್ಟುಕೊಳ್ಳುವ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಸಂಸ್ಥೆಗಾಗಿ ಸಂಗ್ರಹಿಸಿದ ಸದಸ್ಯರ ಮಾಹಿತಿಯ ವಿಷಯ ಹಾಗಲ್ಲ. ಆದುದರಿಂದ ಸ್ವಂತ ಟಿಪ್ಪಣಿಯ ಕಡತವೂ ಸಂಘದ ಕಡತವೂ ಬೇರೆ ಬೇರೆಯಾಗಿರಲಿ.

ಎಲ್ಲಿಂದ ಆರಂಭಿಸುವುದು?

ಇಮ್ಯಾಕ್ಸ್ ಕಲಿಯಲು ಸುಲಭವೆಂದು ನಾವು ಹೇಳುವುದಿಲ್ಲ. ಮೊದಲ ವಾರ ಬೆರಳುಗಳು ತಡವರಿಸುತ್ತವೆ. ಇಮ್ಯಾಕ್ಸ್‌ನಲ್ಲಿಯೇ ಇರುವ ಪಾಠವನ್ನು ಮನೆಯ ಕಾಲೇಜು ಮಕ್ಕಳ ಜೊತೆ ಕುಳಿತು ಒಮ್ಮೆ ಮಾಡಿದರೆ ಭಯ ಹೋಗುತ್ತದೆ. ಅದು ಬೇಡವೆನ್ನುವವರಿಗೆ ವಿಮ್ ಎಡಿಟರಿನ ವಿಮ್‌ವಿಕಿ, ಸಾದಾ ಪಠ್ಯದಲ್ಲಿಯೇ ಉಳಿಸುವ ಆಬ್ಸಿಡಿಯನ್ ಮುಂತಾದವು ಇವೆ. ಏನೂ ಬೇಡವೆಂದರೆ ನೋಟ್‌ಪ್ಯಾಡಿನಲ್ಲಿ ತಲೆಬರಹಗಳಿಗೆ ಸಂಖ್ಯೆ ಕೊಟ್ಟು, ‘ನೋಡಿ: 14’ ಎಂದು ಬರೆದರೂ ಕೊಂಡಿಯೇ. ಲೂಮನ್ ಅವರ ಬಳಿ ಅಷ್ಟೇ ಇದ್ದದ್ದು.

ಮೊದಲ ದಿನವೇ ಎಲ್ಲವನ್ನೂ ಬರೆಯಲು ಹೋದರೆ ಮೂರನೆಯ ದಿನ ಬಿಟ್ಟುಬಿಡುತ್ತೇವೆ. ಮೊದಲ ವಾರ ಮನೆಯವರ ಆರೋಗ್ಯ ಮಾತ್ರ. ಎರಡನೆಯ ವಾರ ಯಾವ ಕಾಗದ ಎಲ್ಲಿದೆ ಎಂಬುದು. ಮೂರನೆಯ ವಾರ ತಾರೀಕು ನೋಡಿ ಬರುವ ಕೆಲಸಗಳು. ದಿನದಲ್ಲಿ ನೆನಪಾದದ್ದನ್ನು ‘ಬಂದದ್ದು’ ಎಂಬ ಒಂದು ತಲೆಬರಹದ ಕೆಳಗೆ ಸುಮ್ಮನೆ ಹಾಕುತ್ತಾ ಹೋಗಿ. ಶನಿವಾರ ಸಂಜೆ ಇಪ್ಪತ್ತು ನಿಮಿಷ ಕುಳಿತು ಅವನ್ನು ಅವುಗಳ ಮನೆಗೆ ಸೇರಿಸಿ, ಕೊಂಡಿ ಹಾಕಿ.

ಕಡತದ ಪ್ರತಿ ಮೂರು ಕಡೆ ಇರಲಿ: ಗಣಕಯಂತ್ರದಲ್ಲಿ, ಪೆನ್‌ಡ್ರೈವಿನಲ್ಲಿ, ಬೇರೆ ಊರಿನಲ್ಲಿರುವ ಮನೆಯವರ ಬಳಿ. ವರ್ಷಕ್ಕೊಮ್ಮೆ ಮುಖ್ಯ ಭಾಗವನ್ನು ಕಾಗದದಲ್ಲಿಯೂ ಮುದ್ರಿಸಿಕೊಳ್ಳಿ. ನಮ್ಮಲ್ಲಿ ಮಳೆಗಾಲದಲ್ಲಿ ವಿದ್ಯುತ್ ಎಷ್ಟು ಹೊತ್ತು ಇರುತ್ತದೆಂದು ಎಲ್ಲರಿಗೂ ಗೊತ್ತು!

ಕಡತದ ಮೊದಲ ತಲೆಬರಹ ‘ನಾವು ಮನೆಯಲ್ಲಿ ಇಲ್ಲದಾಗ’ ಎಂದಿರಲಿ. ಅದರ ಕೆಳಗೆ ಹತ್ತು ಸಾಲು: ಯಾರಿಗೆ ಫೋನ್ ಮಾಡಬೇಕು, ಯಾರಿಗೆ ಯಾವ ಔಷಧಿ ಆಗದು, ಕಾಗದಗಳು ಎಲ್ಲಿವೆ. ಉಳಿದುದಕ್ಕೆ ಕೊಂಡಿ. ಈ ಕಡತ ಬ್ರಹ್ಮವಿದ್ಯೆಯಲ್ಲ, ಮನೆಯ ಇನ್ನೊಬ್ಬರಿಗೆ ಇದನ್ನು ತೆರೆಯಲು ಬರಬೇಕು. ಬರೆದ ಮೇಲೆ ಅವರನ್ನು ಕೂರಿಸಿ, "ಅಮ್ಮನಿಗೆ ಯಾವ ಔಷಧಿ ಆಗುವುದಿಲ್ಲ, ಹುಡುಕಿ ನೋಡು" ಎಂದು ಒಮ್ಮೆ ಪರೀಕ್ಷೆ ಮಾಡಿ. ಅರ್ಧ ನಿಮಿಷದಲ್ಲಿ ಸಿಗದಿದ್ದರೆ ಕಡತವನ್ನು ತಿದ್ದಬೇಕು.

ನಮ್ಮ ಮನೆಯಲ್ಲಿ ಈ ಪರೀಕ್ಷೆ ಮಾಡಿದವರು ಅಮ್ಮನೇ. ಕನ್ನಡಕ ಹಾಕಿಕೊಂಡು ಕುಳಿತು ತಮ್ಮ ಹೆಸರಿನ ಮೇಲೆ ಒತ್ತಿ, ‘ಆಗದ ಔಷಧಿ’ ಓದಿ, ಅಲ್ಲಿಂದ ‘ದೊಡ್ಡ ಕಪಾಟು’ವಿಗೆ ಹೋದರು. ಬಳಿಕ ಎದ್ದು ಹೋಗಿ ಕಪಾಟಿನ ಮೇಲಿನ ಅರೆಯಿಂದ 2011ರ ಡೈರಿಯನ್ನು ತೆಗೆದು ತಂದು, ಅಪ್ಪನ ಅಕ್ಷರವನ್ನು ಸ್ವಲ್ಪ ಹೊತ್ತು ನೋಡಿದರು. "ಅವರು ಎಲ್ಲ ಬರೆದಿಟ್ಟಿದ್ದಾರೆ, ನೋಡುವವರು ಇರಲಿಲ್ಲ" ಎಂದರು.

ನಮ್ಮ ಮನೆಗಳ ಕಪಾಟುಗಳಲ್ಲಿ ಹೀಗೆ ಬರೆದಿಟ್ಟದ್ದು ಇನ್ನೂ ಎಷ್ಟೋ ಇದೆ. ಬರೆದವರು ನಮ್ಮ ನಡುವೆ ಇರುವಾಗಲೇ ಅವರ ಪಕ್ಕದಲ್ಲಿ ಕುಳಿತು, ಕೇಳಿ, ಒಂದೊಂದೇ ಕೊಂಡಿ ಹಾಕೋಣ. ಈ ಶನಿವಾರವೇ ಆರಂಭಿಸೋಣ.